ರಿಜೆಕ್ಟ್

ಬಜಾಲಿನ ನಮ್ಮ ಜಗಲಿಯಲ್ಲಿ ಮೂರು ತಡ್ಪೆ:
ಅಮ್ಮನದು, ನನ್ನದು, ಮತ್ತೆ ಅಶ್ವಿತಾಳದು.
ಅವಳದರಲ್ಲಿ ಎಲೆಗಿಂತ ಕಾಗದ ಹೆಚ್ಚು.

ಎಲೆ ಕತ್ತರಿಸು, ಹೊಗೆಸೊಪ್ಪು ಹರಡು, ಸುರುಟು,
ಬಾಯಿ ಮಡಚು, ನೂಲು ಸುತ್ತು,
ಇಪ್ಪತ್ತೈದಕ್ಕೊಂದು ಕಟ್ಟು.
ಕತ್ತರಿಯ ಸದ್ದಿಗೆ ಅವಳ ಮೊಣಕಾಲು ಕುಣಿಯುತ್ತಿತ್ತು.
ಕಾಲು ಅಲ್ಲಾಡಿಸಬೇಡ, ಮನೆಗೆ ಆಗುವುದಿಲ್ಲ
ಎನ್ನುತ್ತಿದ್ದಳು ಅಮ್ಮ, ತಲೆ ಎತ್ತದೆ.

ಶನಿವಾರ ಬ್ರಾಂಚಿನಲ್ಲಿ ಚೆಕ್ಕರ್ ಸಂಜೀವಣ್ಣ
ಕಟ್ಟು ಒತ್ತಿ, ಮೂಸಿ, ಪಕ್ಕಕ್ಕೆ ಎಸೆಯುವಾಗ
ಅವನಿಗೆ ಬರುವ ಇಂಗ್ಲಿಷು ಒಂದೇ:
ರಿಜೆಕ್ಟ್.
ದುಡ್ಡಿಲ್ಲ. ಬೀಡಿಯೂ ವಾಪಸಿಲ್ಲ.
ಹತ್ತನೇ ಕ್ಲಾಸಿನ ಇವಳು ಕೇಳಿದಳು,
ಬೇಡದ್ದಾದರೆ ಇಟ್ಟುಕೊಳ್ಳುವುದು ಎಂತಕ್ಕೆ?
ಸಂಜೀವಣ್ಣ ನಕ್ಕ. ಅಮ್ಮ ಚಿವುಟಿದಳು.
ಆ ರಾತ್ರಿ ಬೀಡಿ ಪುಸ್ತಕದ ಹಿಂಬದಿಯಲ್ಲಿ
ಹದಿನಾರು ಸಾಲು, ತುಳುವಿನಲ್ಲಿ.
ಲಿಪಿಯ ಜಗಳ ಪೇಟೆಯಲ್ಲಿ ನಡೆಯುತ್ತಲೇ ಇತ್ತು;
ಇವಳಿಗೆ ಕನ್ನಡದ ಒತ್ತಕ್ಷರ ಸಾಕಾಯಿತು,
ಒತ್ತು ಬಂದಲ್ಲೆಲ್ಲ ಒದ್ದ ಹಾಗೆ ಓದಿದಳು.

ಮೊದಲ ವಿಡಿಯೊ ಹಿಡಿದದ್ದು ನಾನು.
ಪಡೀಲಿನ ರೈಲು ಸಂಕದ ಕೆಳಗೆ,
ರೇಶನ್ ಅಕ್ಕಿಯ ಚೀಲ ಗೋಡೆಗೆ ಒರಗಿಸಿಟ್ಟು.
ಗೂಡ್ಸು ಬಂದು ನಡುವಿನ ನಾಲ್ಕು ಸಾಲು ನುಂಗಿತು.
ಇನ್ನೊಮ್ಮೆ ತೆಗೆಯುವ ಎಂದೆ.
ಬೇಡ, ರೈಲು ಹೇಳಿದ್ದೂ ಇರಲಿ ಅಂದಳು.
ದಿನಕ್ಕೆ ಎಂಟುನೂರು ಸುತ್ತುವ ಕೈ ನನ್ನದು,
ಫೋನು ಒಂದಿಷ್ಟೂ ನಡುಗಲಿಲ್ಲ.
ನೋಡಿದ ಯಾರೂ ಅದನ್ನು ಹೇಳಲಿಲ್ಲ.

ಕಾಲೇಜು ಡೇಯಲ್ಲಿ ಎರಡನೇ ನಿಮಿಷಕ್ಕೆ ಮೈಕು ಸತ್ತಿತು.
ಕರೆಂಟು ಎಂದರು; ಲೈಟೆಲ್ಲ ಉರಿಯುತ್ತಲೇ ಇತ್ತು.
ಮೈಕಿಲ್ಲದೆ ಮುಗಿಸಿದಳು.
ಮೂರು ದಿನ ಗಂಟಲಿಗೆ ಬಿಸಿನೀರು, ಕಲ್ಲುಪ್ಪು.

ಮತ್ತೆ ಮೆಹಂದಿ ಮನೆಗಳಿಂದ ಕರೆ.
ಕೋರಿ ರೊಟ್ಟಿಯ ಕೌಂಟರಿನ ಪಕ್ಕ ಸ್ಟೇಜು,
ಮದುಮಗನ ಹೆಸರಿಗೆ ಪ್ರಾಸ ಕೂಡಿಸಿ ಕೊಡಬೇಕು.
ನಿತೇಶನಿಗೆ ಬಾಕಿ ಪೈಸೇಶ ಎಂದಳು,
ಜನ ಬಿದ್ದು ಬಿದ್ದು ನಕ್ಕರು.
ಆ ದಿನದ ಬಾಕಿ ಈವರೆಗೂ ಬಂದಿಲ್ಲ.

ಹಂಪನಕಟ್ಟೆಯ ಜವಳಿ ಅಂಗಡಿಯವರು ಕರೆಸಿದರು.
ಸ್ವರ ಒಳ್ಳೆಯದುಂಟು, ಆ ಬೀಡಿ ಗೀಡಿ ಬಿಟ್ಟು
ಕಡಲು, ಊರಿನ ಹೆಮ್ಮೆ, ಎರಡು ಸಲ ಸೀರೆ.
ಸ್ಟೇಜಿನ ಹೆಸರೇನು ಹಾಕುವುದು? ಕೇಳಿದರು.
ರಿಜೆಕ್ಟ್ ಅಂದಳು.
ಆಫರನ್ನೇ ಎಂದುಕೊಂಡು ಫ್ಯಾನು ಆರಿಸಿದರು.

ಇದೆಲ್ಲ ಹೇಳಿ ನಗಬಹುದು. ಇದೊಂದು ಹಾಗಲ್ಲ.

ನನ್ನನ್ನು ನೋಡಲು ಬಂದ ಕಿನ್ನಿಗೋಳಿಯವರು
ಟೀ ಕುಡಿದರು. ಅವರ ಹುಡುಗ ಫೋನು ತೆಗೆದು
ಕಣ್ಣುಬ್ಬು ಹಾರಿಸಿ, ಇದು ನಿಮ್ಮ ತಂಗಿಯಾ ಎಂದ.
ಹೌದು ಎಂದೆ. ತಿಳಿಸುತ್ತೇವೆ ಎಂದರು.
ಆಮೇಲೆ ನಮ್ಮ ಮನೆಯ ಫೋನೇ ಅವರಿಗೆ ಮರೆತುಹೋಯಿತು.

ಹನ್ನೊಂದು ದಿನ ಇವಳೊಡನೆ ನಾನು ಮಾತಾಡಲಿಲ್ಲ.
ಹನ್ನೆರಡನೇ ದಿನ ಹೊಸ ಹಾಡು.
ಅದರಲ್ಲಿ ನಮ್ಮ ಟೀ ಲೋಟಗಳು,
ಒಂದರ ಅಂಚು ಒಡೆದದ್ದೂ ಸೇರಿ, ಸಾಲಾಗಿ ಐದು.
ಅವರು ಎದ್ದುಹೋದ ಮೇಲೆ ತಳದಲ್ಲಿ ಉಳಿದ ಸಕ್ಕರೆ.
ಕರುಣೆ ಬರಲಿಲ್ಲ ನನಗೆ, ಸಿಟ್ಟು ಬಂತು.
ಅದು ನನ್ನದು. ಬಿಸಾಡಿ ಹೋದದ್ದನ್ನು
ಇವಳೂ ಕೇಳದೆ ಇಟ್ಟುಕೊಂಡಿದ್ದಳು.

ನೂಲು ಹಲ್ಲಿನಲ್ಲಿ ಕಚ್ಚಿ ಹಿಡಿದು ಹೇಳಿದೆ:
ಲೋಟ ಐದಲ್ಲ, ಆರು.
ಆರನೆಯದು ನಾನು ಅಡುಗೆಕೋಣೆಯಲ್ಲಿ
ನಿಂತೇ ಕುಡಿದದ್ದು. ಬರೆಯುವುದಾದರೆ ಸರಿಯಾಗಿ ಬರೆ.

ತುಂಬ ಹೊತ್ತು ಪೆನ್ನು ಕಚ್ಚಿದಳು.
ಐನ್ ಎಂದರೆ ಪ್ರಾಸ ಕೂಡುತ್ತದೆ ಅಕ್ಕ,
ಆಜಿಗೆ ಕೂಡುವುದಿಲ್ಲ.

ಅಮ್ಮನ ಕತ್ತರಿ ನಿಂತಿತ್ತು.

ಆಜಿ ಎಂದೇ ಬರೆದಳು.